ಅರ್ಬುದದ ಅನಂತರದ ದಾಂಪತ್ಯ

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿರುವ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1904ರ ಏಪ್ರಿಲ್ ತಿಂಗಳಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ಶಸ್ತ್ರವೈದ್ಯರು, ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಕ್ಯಾನ್ಸರಿನ ನಿವಾರಣೆಗಾಗಿ ಸಮೂಲವಾಗಿ ತೆಗೆದರು. ಅಂದು ಅವರಿಗೆ ನೆರವಾಗಿ ನಿಂತವರು ವಿಲಿಯಂ ಹಾಲ್‌ಸ್ಟೆಡ್. ಸ್ತನದ ಅರ್ಬುದಕ್ಕೆ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕುವ ವಿಧಾನವನ್ನು ಲೋಕದಲ್ಲಿ ಪ್ರಚುರಪಡಿಸಿದವರು ಇವರೇ. ಗಂಡಸಿನ ಮತ್ತು ಹೆಂಗಸಿನ ಎರಡು ಉಗ್ರ ಶಸ್ತ್ರಕ್ರಿಯೆಗಳೂ ಹೀಗೆ ಒಂದೇ ಸೂರಿನಡಿ ಬೆಳೆದವು. ಎರಡರ ಹಿಂದೆಯೂ ಇದ್ದ ಭಾವ ಒಂದೇ: ಜೀವ ಉಳಿಯಿತಲ್ಲ, ಇನ್ನೇನು ಬೇಕು?

ಯಂಗರ ಶಸ್ತ್ರಕ್ರಿಯೆಯಾದ ಗಂಡಸರು ಹೆಚ್ಚುಕಡಿಮೆ ಎಲ್ಲರೂ ಪುರುಷಶಕ್ತಿಯನ್ನು ಕಳೆದುಕೊಂಡರು. ನಿಮಿರುವಿಕೆಗೆ ಕಾರಣವಾದ ನರಗಳು ಆ ಗ್ರಂಥಿಯ ಒಳಗೇ ಹಾಯುತ್ತವೆ, ಆದ್ದರಿಂದ ಇದು ಅನಿವಾರ್ಯ ಎಂಬ ನಂಬಿಕೆ ಬಲವಾಗಿತ್ತು.

ನಮ್ಮ ಹಳೆಯ ಕವಿಗಳಿಗೆ ಇಂಥ ವಿಷಯದಲ್ಲಿ ಸಂಕೋಚವಿರಲಿಲ್ಲ. 'ಭರತೇಶ ವೈಭವ'ದ ರತ್ನಾಕರವರ್ಣಿ ಭೋಗವನ್ನೂ ಯೋಗವನ್ನೂ ಒಟ್ಟಿಗೇ ಹಾಡಿದವನು. ಆದರೆ ಆಸ್ಪತ್ರೆಯ ಹೊಸ್ತಿಲು ದಾಟುತ್ತಲೇ ಕನ್ನಡಿಗನ ನಾಲಗೆ ಕಟ್ಟುತ್ತದೆ. "ಮೊದಲಿನ ಹಾಗಿಲ್ಲ" ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾನೆ. ಹೆಂಗಸಾದರೆ ಅಷ್ಟನ್ನೂ ಹೇಳುವುದಿಲ್ಲ.

ಬಾಲ್ಟಿಮೋರಿನಲ್ಲಿ ಒಬ್ಬ ರೋಗಿ ಹೇಳಿದ. 1977ರಲ್ಲಿ ಪ್ಯಾಟ್ರಿಕ್ ವಾಲ್ಶ್ ಎಂಬ ಶಸ್ತ್ರವೈದ್ಯರಿಂದ ಚಿಕಿತ್ಸೆ ಪಡೆದಿದ್ದ ಆತ, ಕೆಲವು ತಿಂಗಳ ಮೇಲೆ ಬಂದು, ತನ್ನ ಶಕ್ತಿ ಮರಳಿದೆ ಎಂದ. ನರಗಳು ಗ್ರಂಥಿಯೊಳಗೇ ಇದ್ದಿದ್ದರೆ, ಗ್ರಂಥಿ ಹೋದ ಮೇಲೆ ಇದು ಹೇಗೆ ಸಾಧ್ಯ? 1981ರಲ್ಲಿ ವಾಲ್ಶರು ಹಾಲೆಂಡಿನ ಲೈಡನ್ ನಗರಕ್ಕೆ ಹೋದಾಗ ಅದಕ್ಕೆ ಉತ್ತರ ಸಿಕ್ಕಿತು. ಅಲ್ಲಿ ನಿವೃತ್ತ ಪ್ರಾಧ್ಯಾಪಕ ಪೀಟರ್ ಡಾಂಕರ್ ಅವರು, ಹುಟ್ಟುವಾಗಲೇ ಸತ್ತಿದ್ದ ಶಿಶುವಿನ ದೇಹದಲ್ಲಿ ಮೂತ್ರಕೋಶದ ನರಗಳನ್ನು ಬಿಡಿಸಿ ನೋಡುತ್ತಿದ್ದರು. ವಯಸ್ಕರ ದೇಹದಲ್ಲಿ ಕೊಬ್ಬಿನ ನಡುವೆ ಮರೆಯಾಗುವ ಎಳೆಗಳು ಶಿಶುವಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಇಬ್ಬರೂ ಕೂಡಿ ಕೆಲವೇ ಗಂಟೆಗಳಲ್ಲಿ ಶಿಶ್ನಕ್ಕೆ ಹೋಗುವ ನರಗಳ ಜಾಡು ಹಿಡಿದರು. ಅವು ಗ್ರಂಥಿಯ ಹೊರಗೆ, ಅದರ ಪಕ್ಕೆಗೆ ಅಂಟಿಕೊಂಡು ಸಾಗಿದ್ದವು! 1982ರ ಏಪ್ರಿಲಿನಲ್ಲಿ ವಾಲ್ಶರು ಆ ನರಗಳನ್ನು ಉದ್ದೇಶಪೂರ್ವಕವಾಗಿ ಉಳಿಸಿ ಮೊದಲ ಶಸ್ತ್ರಕ್ರಿಯೆ ನಡೆಸಿದರು. ಯಂಗರ ಕಾಲದಿಂದ ಅಲ್ಲಿಗೆ 78 ವರ್ಷ.

ಇದು ಎಲ್ಲರಿಗೂ ಫಲಿಸುವುದಿಲ್ಲವೆಂಬುದನ್ನೂ ಹೇಳಬೇಕು. ಅರ್ಬುದ ನರದವರೆಗೆ ಹಬ್ಬಿದ್ದರೆ ಅದನ್ನು ಕತ್ತರಿಸಲೇಬೇಕು. ಉಳಿಸಿದ ನರವೂ ಚೇತರಿಸಿಕೊಳ್ಳಲು ಎರಡು ವರ್ಷ ಹಿಡಿಯಬಹುದು. 1998ರಲ್ಲಿ ಮಾರುಕಟ್ಟೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆಯೂ ನರದ ಸಂಜ್ಞೆ ಇದ್ದರೆ ಮಾತ್ರ ಕೆಲಸ ಮಾಡುವಂಥದು. ಎರಡೂ ಕಡೆಯ ನರಗಳು ಹೋದವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಹೆಂಗಸರ ಕಥೆ ಇನ್ನೂ ನಿಧಾನದ್ದು. 1952ರಲ್ಲಿ ನ್ಯೂಯಾರ್ಕಿನಲ್ಲಿ ಸ್ತನ ಕಳೆದುಕೊಂಡ ಟೆರೀಸ್ ಲ್ಯಾಸರ್ ಎಂಬಾಕೆ, ಮುಂದೆ ಬದುಕುವುದು ಹೇಗೆಂಬುದಕ್ಕೆ ವೈದ್ಯರಿಂದ ಉತ್ತರ ಸಿಗದೆ, ತಾವೇ ಇತರ ರೋಗಿಗಳ ಮಂಚದ ಬಳಿಗೆ ಹೋಗಿ ಮಾತನಾಡಿಸತೊಡಗಿದರು. ಆಸ್ಪತ್ರೆಯವರಿಗೆ ಅದು ಹಿಡಿಸಲಿಲ್ಲ. ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಆಯುಸ್ಸು ಕಡಮೆಯಾಗದೆಂದು ಬರ್ನಾರ್ಡ್ ಫಿಶರ್ ಅವರ ತಂಡ 1985ರಲ್ಲಿ ಪ್ರಕಟಿಸಿದ ಮೇಲೆ ಹಾಲ್‌ಸ್ಟೆಡರ ದಾರಿಯ ಪ್ರಭಾವ ಇನ್ನಷ್ಟು ಕುಗ್ಗಿತು. ಗರ್ಭಕೊರಳಿನ ಕ್ಯಾನ್ಸರಿಗೆ ವಿಕಿರಣ ಪಡೆದವರಲ್ಲಿ ಯೋನಿಮಾರ್ಗ ಒಣಗಿ ಸಂಕೋಚಗೊಂಡು ಮಿಲನವೇ ನೋವಾಗಬಹುದು. ಹಿಗ್ಗಿಸುವ ಸಾಧನವನ್ನು ಕ್ರಮವಾಗಿ ಬಳಸುವುದು, ತೇವ ನೀಡುವ ಲೇಪ ಮುಂತಾದ ಪರಿಹಾರಗಳುಂಟು. ವೈದ್ಯರು ತಾವಾಗಿ ಹೇಳದಿದ್ದರೆ ಆಕೆಗೆ ತಿಳಿಯುವ ಬಗೆ ಯಾವುದು?

ಆ ಮಾತ್ರೆ ಬಂದ 1998ರಲ್ಲೇ ಮೆಲ್ಬರ್ನಿನ ಶಸ್ತ್ರವೈದ್ಯೆ ಹೆಲೆನ್ ಓ'ಕಾನೆಲ್ ಒಂದು ಪ್ರಬಂಧ ಪ್ರಕಟಿಸಿದರು. ಪುರುಷನ ನರಗಳನ್ನು ಅಷ್ಟು ಎಚ್ಚರದಿಂದ ವರ್ಣಿಸುತ್ತಿದ್ದ ಪಠ್ಯಗಳು ಸ್ತ್ರೀಯ ವಿಷಯದಲ್ಲಿ ಮೌನವಾಗಿದ್ದುದು ಅವರನ್ನು ಕಾಡಿತ್ತು. ಅವರು ಶವಚ್ಛೇದನ ಮಾಡಿ ನೋಡಿದರು. ಸ್ತ್ರೀಯ ಸುಖೇಂದ್ರಿಯವಾದ ಚಂದ್ರನಾಡಿಯ ಬಹುಭಾಗ ದೇಹದ ಒಳಗೆ ಹುದುಗಿತ್ತು. ಪಠ್ಯಗಳು ತೋರಿಸಿದ್ದಕ್ಕಿಂತ ಅದು ಎಷ್ಟೋ ದೊಡ್ಡದಾಗಿತ್ತು. ವಾಲ್ಶರ ಶಸ್ತ್ರಕ್ರಿಯೆ ನಡೆದು ಅಷ್ಟು ಹೊತ್ತಿಗೆ 16 ವರ್ಷಗಳಾಗಿದ್ದವು.