ಎಫ್/5.6ರ ಗೋಡೆ: ಮಿರರ್‌ಲೆಸ್ ಕ್ಯಾಮೆರಾ ಮತ್ತು ಸೂಪರ್ ಟೆಲಿಫೋಟೋ ಜೂಮ್ ಲೆನ್ಸ್‌ನ ಚರಿತ್ರೆ

ಮಿರರ್‌ಲೆಸ್ ಕ್ಯಾಮೆರಾಗಳಿಗೆಂದು ಈಚಿನ ವರ್ಷಗಳಲ್ಲಿ ಬಂದ ಸೂಪರ್ ಟೆಲಿಫೋಟೋ ಜೂಮ್ ಲೆನ್ಸ್‌ಗಳ ಬಗ್ಗೆ ಒಂದು ವಿವರಣೆ ಚಾಲ್ತಿಯಲ್ಲಿದೆ. ಕ್ಯಾಮೆರಾದೊಳಗಿನ ಕನ್ನಡಿ ಹೋಯಿತು, ಅದು ಏಳಲು ಇಳಿಯಲು ಬೇಕಿದ್ದ ಜಾಗ ಉಳಿಯಿತು, ಲೆನ್ಸ್ ಕೂರುವ ಮೌಂಟ್‌ಗೂ ಸೆನ್ಸರ್‌ಗೂ ನಡುವಿನ ಅಂತರ ತಗ್ಗಿತು, ಆದ್ದರಿಂದ ಲೆನ್ಸ್‌ಗಳು ಹಗುರವಾದವು ಎಂಬುದು ಅದರ ಸಾರ. ವೈಡ್ ಆ್ಯಂಗಲ್ ಲೆನ್ಸ್‌ಗಳ ಮಟ್ಟಿಗೆ ಈ ಮಾತು ನಿಜ. ಸೂಪರ್ ಟೆಲಿಫೋಟೋಗೆ ಬಂದಾಗ ಮಾತ್ರ ಇದಕ್ಕೆ ಬಹುಮಟ್ಟಿಗೆ ಆಧಾರವೇ ಇಲ್ಲ. ಕ್ಯಾನನ್‌ನ ಹಳೆಯ ಇಎಫ್ ಮೌಂಟ್‌ನಲ್ಲಿ 44 ಮಿ.ಮೀ. ಇದ್ದ ಆ ಅಂತರ ಹೊಸ ಆರ್‌ಎಫ್ ಮೌಂಟ್‌ನಲ್ಲಿ 20 ಮಿ.ಮೀ.ಗೆ ಇಳಿಯಿತು, ಉಳಿತಾಯ 24 ಮಿ.ಮೀ. 600 ಮಿ.ಮೀ. ಸಂಗಮದೂರದ ಲೆನ್ಸ್‌ನಲ್ಲಿ ಕೊನೆಯ ಮಸೂರ ಸೆನ್ಸರ್‌ನಿಂದ ಹೇಗೂ ದೂರದಲ್ಲೇ ಇರುತ್ತದೆ, ಹಾಗಾಗಿ ಈ ಉಳಿತಾಯ ಅದರ ಉಪಯೋಗಕ್ಕೆ ಬರುವುದಿಲ್ಲ. 2021ರಲ್ಲಿ ಕ್ಯಾನನ್ ತನ್ನ 400 ಮಿ.ಮೀ. ಎಫ್/2.8 ಮತ್ತು 600 ಮಿ.ಮೀ. ಎಫ್/4 ಲೆನ್ಸ್‌ಗಳನ್ನು ಮಿರರ್‌ಲೆಸ್‌ಗೆ ತಂದಾಗ ಮಾಡಿದ್ದೇನು? ಕನ್ನಡಿಯಿದ್ದ ಎಸ್‌ಎಲ್‌ಆರ್ ಕ್ಯಾಮೆರಾಗಳ ಕಾಲದ ಮಸೂರ ಜೋಡಣೆಯನ್ನೇ ಉಳಿಸಿಕೊಂಡು, ಹಿಂಬದಿಯ ಕೊಳವೆಯನ್ನು ಉದ್ದ ಮಾಡಿ ಹೊಸ ಮೌಂಟ್ ಕೂರಿಸಿತು. ಉಳಿದ ಜಾಗವನ್ನು ಖಾಲಿ ಕೊಳವೆ ತುಂಬಿತು.

ಹಾಗಿದ್ದರೆ ಬದಲಾದದ್ದೇನು? ಈ ಲೇಖನದ ವಾದ ಇಷ್ಟು: ಮಿರರ್‌ಲೆಸ್ ಕ್ಯಾಮೆರಾ ಲೆನ್ಸ್‌ನ ಗಾಜನ್ನು ಬದಲಿಸಲಿಲ್ಲ, ಫೋಕಸ್ ಅಳೆಯುವ ಜಾಗವನ್ನು ಬದಲಿಸಿತು. ಆ ಸ್ಥಳಾಂತರದಿಂದಾಗಿ ಎಸ್‌ಎಲ್‌ಆರ್ ಆಟೋಫೋಕಸ್ ಮೂರು ದಶಕ ಹೇರಿದ್ದ ಎಫ್/5.6ರ ಮಿತಿ ಬಿದ್ದುಹೋಯಿತು. ಇದನ್ನು ಅರಿಯಲು ಒಂದು ಸರಳ ಭಾಗಾಕಾರ ಸಾಕು. ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಂಡಿಯ ವ್ಯಾಸ ಸಿಗುತ್ತದೆ. ಮುಂದಿನ ಗಾಜು ಕನಿಷ್ಠ ಅಷ್ಟಾದರೂ ಅಗಲವಿರಲೇಬೇಕು. ಟೆಲಿಫೋಟೋ ಲೆನ್ಸ್‌ನ ತೂಕ, ಬೆಲೆ ಎರಡೂ ಬಹುಪಾಲು ನಿರ್ಧಾರವಾಗುವುದು ಅಲ್ಲೇ. 600 ಮಿ.ಮೀ. ಎಫ್/4ಕ್ಕೆ 150 ಮಿ.ಮೀ. ಕಂಡಿ ಬೇಕು; ಎಫ್/6.3ಕ್ಕೆ 95 ಸಾಕು. ಎಫ್/11ಕ್ಕೆ 55 ಮಿ.ಮೀ.ನಲ್ಲಿ ಕೆಲಸ ಮುಗಿಯುತ್ತದೆ. ಕಂಡಿಯನ್ನು ಎಷ್ಟು ಕಿರಿದು ಮಾಡಬಹುದು ಎಂಬ ಪ್ರಶ್ನೆಗೆ ಆಯಾ ಕಾಲದ ಕ್ಯಾಮೆರಾ ಕೊಟ್ಟ ಉತ್ತರವೇ ಈ ಲೆನ್ಸ್‌ಗಳ ಚರಿತ್ರೆ.

ಟೆಲಿಫೋಟೋ ರಚನೆ ಹಳೆಯದು. 1891ರ ಸುಮಾರಿಗೆ ಲಂಡನ್ನಿನ ಥಾಮಸ್ ಡಾಲ್‌ಮೇಯರ್, ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಸ್ಟೈನ್‌ಹೈಲ್ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಅದನ್ನು ಛಾಯಾಗ್ರಹಣಕ್ಕೆ ಅಳವಡಿಸಿದರು. ಜೂಮ್ ಸಿನಿಮಾ, ಟೆಲಿವಿಷನ್ನುಗಳ ದಾರಿಯಿಂದ ಬಂದು, 1959ರಲ್ಲಿ ಫೋಕ್ಟ್‌ಲೆಂಡರ್ ಜೂಮಾರ್ ಮೂಲಕ 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಕ್ಕೆ ಕಾಲಿಟ್ಟಿತು. ಅದೇ ವರ್ಷ ನಿಕಾನ್ 85ರಿಂದ 250 ಮಿ.ಮೀ.ವರೆಗಿನ ಟೆಲಿಫೋಟೋ ಜೂಮ್ ತಂದಿತು. ನಮಗೆ ಹೆಚ್ಚು ಮುಖ್ಯವಾದದ್ದು ಅದಾದ ಸ್ವಲ್ಪ ಕಾಲಕ್ಕೆ, 1960ರ ದಶಕದ ಆರಂಭದಲ್ಲಿ, ನಿಕಾನ್ ಹೊರತಂದ 200-600 ಮಿ.ಮೀ. ಜೂಮ್. ಇಂದು ಹಕ್ಕಿ ಛಾಯಾಗ್ರಾಹಕರ ಹೆಗಲಲ್ಲಿ ಕಾಣುವ ಲೆನ್ಸ್‌ಗಳ ವ್ಯಾಪ್ತಿ ಅಕ್ಷರಶಃ ಇದೇ. ಆದರೆ ಅದರ ಗರಿಷ್ಠ ಅಪರ್ಚರ್ ಎಫ್/9.5! 1970ರ ದಶಕದಲ್ಲಿ ಅದೇ ಕಂಪನಿಯಿಂದ 180-600 ಮಿ.ಮೀ. ಎಫ್/8, 360-1200 ಮಿ.ಮೀ. ಎಫ್/11 ಜೂಮ್‌ಗಳು ಬಂದವು. ಅಂದರೆ ಎಫ್/9, ಎಫ್/11ರ ಉದ್ದ ಜೂಮ್ ಮಿರರ್‌ಲೆಸ್ ಯುಗದ ಕಲ್ಪನೆಯೇ ಅಲ್ಲ. ಫೋಕಸ್ ಮಾಡುವವನು ಮನುಷ್ಯನಾಗಿದ್ದಷ್ಟು ಕಾಲ ಅಂಥ ಲೆನ್ಸ್ ಮಾಡಲು ತಾಂತ್ರಿಕ ಅಡ್ಡಿಯಿರಲಿಲ್ಲ. ವ್ಯೂಫೈಂಡರ್ ಮಬ್ಬಾಗುತ್ತಿತ್ತು, ಫೋಕಸಿಂಗ್ ಪರದೆಯ ನಡುವಿನ ಪ್ರಿಸಂ ಅರ್ಧ ಕಪ್ಪಾಗುತ್ತಿತ್ತು, ಐಎಸ್‌ಒ 64ರ ಸ್ಲೈಡ್ ಫಿಲ್ಮ್‌ಗೆ ಬೆಳಗಿನ ಬೆಳಕು ಸಾಲುತ್ತಿರಲಿಲ್ಲ. ಬಳಸುವವನಿಗೆ ಇವೆಲ್ಲ ತೊಂದರೆ, ಸರಿ. ಆದರೆ ಲೆನ್ಸ್ ಕೆಲಸ ಮಾಡುತ್ತಿತ್ತು.

ಗೋಡೆ ಎದ್ದದ್ದು 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ, ಆಟೋಫೋಕಸ್ ಎಸ್‌ಎಲ್‌ಆರ್‌ನ ಅನಿವಾರ್ಯ ಅಂಗವಾದಾಗ. ಈ ಕ್ಯಾಮೆರಾಗಳಲ್ಲಿ ಮುಖ್ಯ ಕನ್ನಡಿಯ ನಡುಭಾಗ ಅರೆಪಾರಕ. ಅದರ ಮೂಲಕ ಹಾದ ಬೆಳಕನ್ನು ಹಿಂದಿನ ಚಿಕ್ಕ ಕನ್ನಡಿ ಕ್ಯಾಮೆರಾದ ತಳದಲ್ಲಿರುವ ಫೋಕಸ್ ಘಟಕಕ್ಕೆ ಇಳಿಸುತ್ತದೆ. ಆ ಘಟಕ ಲೆನ್ಸ್‌ನ ಕಂಡಿಯ ಎರಡು ಎದುರುಬದುರು ಅಂಚುಗಳಿಂದ ಬಂದ ಕಿರಣಗಳನ್ನು ಬೇರ್ಪಡಿಸಿ, ಎರಡು ಬಿಂಬಗಳ ನಡುವಿನ ವ್ಯತ್ಯಾಸದಿಂದ ಫೋಕಸ್ ಎಷ್ಟು ತಪ್ಪಿದೆಯೆಂದು ಲೆಕ್ಕಹಾಕುತ್ತದೆ. ಯಾವ ಅಂಚುಗಳನ್ನು ನೋಡಬೇಕೆಂಬುದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಸಾಮಾನ್ಯವಾಗಿ ಎಫ್/5.6ರ ಕಂಡಿಗೆ ಹೊಂದುವಂತೆ. ಕಂಡಿ ಅದಕ್ಕಿಂತ ಕಿರಿದಾದರೆ ಆ ಅಂಚುಗಳೇ ಅಲ್ಲಿರುವುದಿಲ್ಲ. ಘಟಕ ನೋಡುವುದು ಕತ್ತಲನ್ನು. ಹಾಗಾಗಿ ಎಫ್/5.6 ಎಂಬುದು ಬೆಳಕು ಸಾಲದೆ ಬಂದ ಮಿತಿಯಲ್ಲ, ರೇಖಾಗಣಿತದ ಮಿತಿ. ಈ ಕಾಲದಲ್ಲಿ ಕ್ಯಾಮೆರಾ ಕಂಪನಿಗಳೇ ತಯಾರಿಸಿದ ಉದ್ದ ಜೂಮ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದರ ಹಿಡಿತ ಎಷ್ಟು ಬಿಗಿಯಾಗಿತ್ತೆಂದು ಕಾಣುತ್ತದೆ. ಕ್ಯಾನನ್ 100-400 (1998), ನಿಕಾನ್ 80-400 (2000), ಸೋನಿಯ 70-400, ನಿಕಾನ್ 200-500 (2015), ಪೆಂಟಾಕ್ಸ್ 150-450 (2015): ಐದು ಲೆನ್ಸ್, ನಾಲ್ಕು ಕಂಪನಿ. ಎಲ್ಲವೂ ಉದ್ದನೆಯ ತುದಿಯಲ್ಲಿ ನಿಂತದ್ದು ಎಫ್/5.6ಕ್ಕೇ. ಕಾಕತಾಳೀಯವಾಗಿ ಹೀಗಾಗುವುದಿಲ್ಲ. ಟ್ಯಾಮ್ರಾನ್, ಸಿಗ್ಮಾದಂಥ ಹೊರಗಿನ ತಯಾರಕರು ಮಾತ್ರ ಎಫ್/6.3ರವರೆಗೆ ಜಾರುವ ಧೈರ್ಯ ಮಾಡಿದರು. 2013ರ ಕೊನೆಯಲ್ಲಿ ಪ್ರಕಟವಾದ ಟ್ಯಾಮ್ರಾನ್ 150-600 ಅಷ್ಟು ಜನಪ್ರಿಯವಾದದ್ದು ಆ ಮೂರನೇ ಒಂದು ಸ್ಟಾಪ್‌ನ ಉಲ್ಲಂಘನೆಯಿಂದ. ಸಣ್ಣ ಉಲ್ಲಂಘನೆಯಾದ್ದರಿಂದ ಫೋಕಸ್ ಘಟಕ ಹೇಗೋ ನಿಭಾಯಿಸಿತು. ಎಫ್/9ಕ್ಕೆ ಅದೇ ಉಪಾಯ ನಡೆಯುತ್ತಿರಲಿಲ್ಲ.

ಕನ್ನಡಿ ತೆಗೆದ ಮಾತ್ರಕ್ಕೆ ಗೋಡೆ ಬೀಳಲಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ, ಪ್ಯಾನಾಸೋನಿಕ್ ಜಿ1, ಬಂದದ್ದು 2008ರಲ್ಲಿ. ಆಗಿನ ಮಿರರ್‌ಲೆಸ್ ಕ್ಯಾಮೆರಾಗಳು ಚಿತ್ರದ ಕಾಂಟ್ರಾಸ್ಟ್ ಹೆಚ್ಚುವವರೆಗೆ ಲೆನ್ಸನ್ನು ಹಿಂದೆಮುಂದೆ ಓಡಿಸಿ ಫೋಕಸ್ ಹುಡುಕುತ್ತಿದ್ದವು. ಕೂತ ಕೊಕ್ಕರೆಗೆ ಅದು ಸಾಕು, ಎರಗುವ ಗಿಡುಗಕ್ಕೆ ಸಾಲದು. ಫೋಕಸ್ ಅಳೆಯುವ ಬಿಂದುಗಳು ಚಿತ್ರ ಹಿಡಿಯುವ ಸೆನ್ಸರ್‌ನ ಮೇಲೆಯೇ ಬಂದು, ಆ ಸೆನ್ಸರನ್ನು ಕ್ಷಣಕ್ಷಣಕ್ಕೂ ಓದುವ ವೇಗ ದಕ್ಕಿದ ಮೇಲಷ್ಟೇ ಉದ್ದ ಲೆನ್ಸ್‌ಗಳಿಗೆ ಮಿರರ್‌ಲೆಸ್ ತಕ್ಕ ಮನೆಯಾಯಿತು. 693 ಫೋಕಸ್ ಬಿಂದುಗಳ, ಸೆಕೆಂಡಿಗೆ 20 ಚಿತ್ರ ತೆಗೆಯುವ ಸೋನಿ ಎ9 ಬಂದ 2017ರಲ್ಲೇ ಸೋನಿಯ 100-400 ಕೂಡ ಬಂದದ್ದು ಈ ಕಾರಣಕ್ಕೆ. 2019ರಲ್ಲಿ ಕ್ಯಾಮೆರಾ ಕಂಪನಿಯಾದ ಸೋನಿಯೇ ಎಫ್/6.3ಕ್ಕೆ ಇಳಿಯುವ 200-600 ತಂದಿತು. 2020ರಲ್ಲಿ ಕ್ಯಾನನ್ ಹಳೆಯ ಲೆಕ್ಕವನ್ನೇ ಪಕ್ಕಕ್ಕಿಟ್ಟಿತು: 100-500 ಮಿ.ಮೀ. ಎಫ್/7.1 ಜೂಮ್, ಜೊತೆಗೆ ಜೂಮ್ ಅಲ್ಲದ 600 ಮತ್ತು 800 ಮಿ.ಮೀ. ಎಫ್/11 ಲೆನ್ಸ್‌ಗಳು. 2023ರಲ್ಲಿ 200-800 ಮಿ.ಮೀ. ಎಫ್/9 ಸೇರಿಕೊಂಡಿತು.

ಈ ಪೈಕಿ 100-500 ನಮ್ಮ ವಾದಕ್ಕೆ ಅತಿ ಗಟ್ಟಿ ಸಾಕ್ಷಿ. ಕ್ಯಾನನ್‌ನ ಎಸ್‌ಎಲ್‌ಆರ್ ಕಾಲದ ಎರಡನೇ 100-400 ಲೆನ್ಸ್ (2014) ಉದ್ದನೆಯ ತುದಿಯಲ್ಲಿ 400 ಮಿ.ಮೀ. ಎಫ್/5.6, ಭಾಗಿಸಿದರೆ ಕಂಡಿ ಸುಮಾರು 71 ಮಿ.ಮೀ. ಹೊಸ ಲೆನ್ಸ್ 500 ಮಿ.ಮೀ. ಎಫ್/7.1, ಕಂಡಿ ಸುಮಾರು 70 ಮಿ.ಮೀ. ಎರಡಕ್ಕೂ ಫಿಲ್ಟರ್ ವ್ಯಾಸ 77 ಮಿ.ಮೀ. ಮುಂದಿನ ಗಾಜಿನ ಅಳತೆ ಇದ್ದಲ್ಲೇ ಇದೆ, ಸಂಗಮದೂರ 100 ಮಿ.ಮೀ. ಮುಂದಕ್ಕೆ ಹೋಗಿದೆ. ಟ್ರೈಪಾಡ್ ಕಾಲರ್ ಬಿಟ್ಟು ತೂಕ 1.57 ಕಿಲೋದಿಂದ 1.37 ಕಿಲೋಗೆ ಇಳಿದದ್ದು ಕವಚ, ಮೋಟಾರುಗಳ ಸುಧಾರಣೆಯಿಂದಿರಬಹುದು, ಅದನ್ನು ಅಲ್ಲಗಳೆಯಬೇಕಿಲ್ಲ. ಇದರ ಪಕ್ಕದಲ್ಲಿ, ಕಂಡಿಯನ್ನು ಸ್ವಲ್ಪ ಹಿಗ್ಗಿಸಿದ ನಿಕಾನ್‌ನ ಉದಾಹರಣೆ ನೋಡಿ. ಎಸ್‌ಎಲ್‌ಆರ್‌ನ 200-500 ಎಫ್/5.6ರ ಕಂಡಿ 89 ಮಿ.ಮೀ., ತೂಕ 2.3 ಕಿಲೋ, 2023ರಲ್ಲಿ ಮಿರರ್‌ಲೆಸ್‌ಗೆ ಬಂದ 180-600 ಎಫ್/6.3ರ ಕಂಡಿ 95 ಮಿ.ಮೀ., ತೂಕ 2.14 ಕಿಲೋ. ಮೌಂಟ್ ಅಂತರ 46.5ರಿಂದ 16 ಮಿ.ಮೀ.ಗೆ ಕುಸಿದಿದ್ದರೂ ತಕ್ಕಡಿ ಹೆಚ್ಚು ಅಲುಗಲಿಲ್ಲ.

ಈ ವಾದಕ್ಕೆ ನಾಲ್ಕು ಆಕ್ಷೇಪಗಳು ಬರಬಹುದು. ಮೊದಲನೆಯದು, ಎಸ್‌ಎಲ್‌ಆರ್‌ಗಳೂ ಎಫ್/8ರಲ್ಲಿ ಫೋಕಸ್ ಮಾಡುತ್ತಿದ್ದವಲ್ಲ ಎಂಬುದು. ನಿಜ. ಮಿನೋಲ್ಟಾದ 500 ಮಿ.ಮೀ. ಎಫ್/8 ಕನ್ನಡಿ ಲೆನ್ಸ್‌ಗೆ ಆಟೋಫೋಕಸ್ ಇತ್ತು. 2012ರ ನಿಕಾನ್ ಡಿ4ರಲ್ಲಿ 11 ಬಿಂದುಗಳು ಎಫ್/8ಕ್ಕೆ ಸ್ಪಂದಿಸುತ್ತಿದ್ದವು. 2016ರ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 2ರಲ್ಲಿ 61 ಬಿಂದುಗಳೂ ಸ್ಪಂದಿಸಿದವು. ಆದರೆ ಡಿ4, 1ಡಿ ಎಕ್ಸ್ ಮಾರ್ಕ್ 2 ಎರಡೂ ದುಬಾರಿ ಬಾಡಿಗಳು. ದೊಡ್ಡ ಲೆನ್ಸ್‌ಗೆ ಸಂಗಮದೂರ ಹೆಚ್ಚಿಸುವ ಎಕ್ಸ್‌ಟೆಂಡರ್ ಸೇರಿಸುವ ವೃತ್ತಿಪರರಿಗಾಗಿ ಕೊಟ್ಟ ರಿಯಾಯಿತಿ ಅದು. ಎಲ್ಲರಿಗೂ ಮಾರುವ ಜೂಮ್ ಲೆನ್ಸನ್ನು ಅಂಥ ಬಾಡಿಗಳನ್ನು ನಂಬಿ ಯಾರೂ ವಿನ್ಯಾಸ ಮಾಡುವುದಿಲ್ಲ, ಮಾಡಲೂ ಇಲ್ಲ. ಎರಡನೆಯದಾಗಿ ಕೆಲವರು, ಅಡ್ಡಿಯಾಗಿದ್ದದ್ದು ಫೋಕಸ್ ಘಟಕವಲ್ಲ, ಮಬ್ಬಾಗುವ ಆಪ್ಟಿಕಲ್ ವ್ಯೂಫೈಂಡರ್ ಎನ್ನುತ್ತಾರೆ. ಇದನ್ನು ಪರೀಕ್ಷಿಸಲು ಚರಿತ್ರೆಯೇ ಒಂದು ಪ್ರಯೋಗ ನಡೆಸಿಟ್ಟಿದೆ. 2010ರಿಂದ ಸೋನಿ ತಯಾರಿಸಿದ ಎಸ್‌ಎಲ್‌ಟಿ ಕ್ಯಾಮೆರಾಗಳಲ್ಲಿ ವ್ಯೂಫೈಂಡರ್ ಎಲೆಕ್ಟ್ರಾನಿಕ್, ಫೋಕಸ್ ಮಾತ್ರ ಅಲುಗದ ಅರೆಪಾರಕ ಕನ್ನಡಿಯ ಮೂಲಕ ಪ್ರತ್ಯೇಕ ಘಟಕಕ್ಕೆ. ಕಣ್ಣಿನ ತೊಂದರೆ ಅಲ್ಲಿ ತೀರಿತ್ತು. ಆದರೂ 2013ರಲ್ಲಿ ಸೋನಿ ತನ್ನ 70-400 ಲೆನ್ಸನ್ನು ನವೀಕರಿಸಿದಾಗ ಅದು ಎಫ್/5.6ರಲ್ಲೇ ಉಳಿಯಿತು.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ನಿಜವಾದ ಕಾರಣ ಐಎಸ್‌ಒ, ಸೆನ್ಸರ್‌ಗಳು ಮಂದ ಬೆಳಕಿನಲ್ಲೂ ಸ್ವಚ್ಛ ಚಿತ್ರ ಕೊಡತೊಡಗಿದ್ದರಿಂದ ಕಿರಿದಾದ ಅಪರ್ಚರ್ ಸಹ್ಯವಾಯಿತು, ಕನ್ನಡಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದು. ಐಎಸ್‌ಒ ಬೇಕಾದ ಷರತ್ತೆಂಬುದನ್ನು ಒಪ್ಪಲೇಬೇಕು. 1995ರಲ್ಲಿ ಕ್ಯಾನನ್ 75-300ರಿಂದ ಶುರುವಾದ, ಎಸ್‌ಎಲ್‌ಆರ್ ಲೆನ್ಸ್‌ನೊಳಗಿನ ಕಂಪನ ನಿವಾರಣೆಯೂ ಹಾಗೆಯೇ. ಆದರೆ ಅವು ಸಾಕಾದ ಷರತ್ತುಗಳಲ್ಲ ಎನ್ನಲು ಕಾಲಾನುಕ್ರಮವೇ ಸಾಕ್ಷಿ. ಫುಲ್ ಫ್ರೇಮ್ ನಿಕಾನ್ ಡಿ3 ಐಎಸ್‌ಒ 6400ನ್ನು ಸಾಮಾನ್ಯ ಶ್ರೇಣಿಯೊಳಗೇ ತಂದದ್ದು 2007ರಲ್ಲಿ. ಐಎಸ್‌ಒ ಒಂದೇ ತಡೆಯಾಗಿದ್ದರೆ 2010ರ ಸುಮಾರಿಗೆ ಎಫ್/7.1ರ ಎಸ್‌ಎಲ್‌ಆರ್ ಜೂಮ್ ಮಾರುಕಟ್ಟೆಯಲ್ಲಿ ಇರಬೇಕಿತ್ತು. ಎಂಟು ವರ್ಷ ಕಳೆದ ಮೇಲೂ ನಿಕಾನ್ ತಯಾರಿಸಿದ್ದು ಎಫ್/5.6ರ 200-500.

ನಾಲ್ಕನೆಯ ಆಕ್ಷೇಪ ಬಳಕೆದಾರರದು, ಸ್ವಲ್ಪ ಕೋಪದ್ದು ಕೂಡ. ಎಫ್/9 ಲೆನ್ಸ್ ಕತ್ತಲೆಯ ಲೆನ್ಸ್, ಡಿಫ್ರಾಕ್ಷನ್‌ನಿಂದ ಚಿತ್ರ ಮಸುಕಾಗುತ್ತದೆ, ಕಂಪನಿಗಳು ಗಾಜು ಉಳಿಸಿ ಗಿರಾಕಿಗೆ ಟೋಪಿ ಹಾಕುತ್ತಿವೆ ಎಂಬ ದೂರು. ಎಫ್/9ರಲ್ಲಿ ಒಂದು ಬೆಳಕಿನ ಬಿಂದು ಸೆನ್ಸರ್ ಮೇಲೆ ಸುಮಾರು 12 ಮೈಕ್ರೋಮೀಟರ್ ಅಗಲದ ಚುಕ್ಕೆಯಾಗುತ್ತದೆ. 45 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್‌ನ ಪಿಕ್ಸೆಲ್ ಸುಮಾರು 4.4 ಮೈಕ್ರೋಮೀಟರ್. ಸಂಖ್ಯೆಗಳು ದೂರಿನ ಪರವಾಗಿಯೇ ಇರುವಂತೆ ತೋರುತ್ತದೆ. ಆದರೆ ದೂರದ ಹಕ್ಕಿಯ ವಿಷಯದಲ್ಲಿ ನಿರ್ಣಾಯಕವಾಗುವುದು ಎಫ್ ಸಂಖ್ಯೆಯಲ್ಲ, ಮತ್ತೆ ಆ ಕಂಡಿಯ ವ್ಯಾಸವೇ. 500 ಮಿ.ಮೀ. ಎಫ್/5.6 ಮತ್ತು 800 ಮಿ.ಮೀ. ಎಫ್/9 ಎರಡರದೂ 89 ಮಿ.ಮೀ. ಕಂಡಿ. ಒಂದೇ ದೂರದಲ್ಲಿರುವ ಒಂದೇ ಹಕ್ಕಿಯಿಂದ, ಒಂದೇ ಶಟರ್ ವೇಗದಲ್ಲಿ, ಎರಡೂ ಹಿಡಿಯುವ ಒಟ್ಟು ಬೆಳಕು ಒಂದೇ; ಡಿಫ್ರಾಕ್ಷನ್ ಉಳಿಸಿಕೊಡುವ ಗರಿಯ ಎಳೆಗಳ ಸೂಕ್ಷ್ಮತೆಯೂ ಒಂದೇ. 800ರಲ್ಲಿ ಐಎಸ್‌ಒ ಸುಮಾರು ಎರಡೂವರೆ ಪಟ್ಟು ಏರಿಸಬೇಕಾಗುತ್ತದೆ, ಹಕ್ಕಿಯ ಬಿಂಬವೂ ಸುಮಾರು ಎರಡೂವರೆ ಪಟ್ಟು ಹೆಚ್ಚು ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ. ಚಿತ್ರವನ್ನು ಒಂದೇ ಅಳತೆಗೆ ತಂದು ನೋಡಿದರೆ ಕಾಳುಕಾಳಾಗುವಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರ ಉಳಿಯದು. ನಷ್ಟವಾಗುವುದು ಫ್ರೇಮ್ ತುಂಬುವಷ್ಟು ಹತ್ತಿರ ಬಂದ ಆನೆ, ಕಾಟಿಗಳ ಚಿತ್ರ ತೆಗೆಯುವವನಿಗೆ. ಅವನು ಜೂಮನ್ನು ಹಿಂದಕ್ಕೆ ಎಳೆಯಲೇಬೇಕು, ಎಳೆದ ಮೇಲೂ ಈ ಲೆನ್ಸ್‌ಗಳು ಉದಾರವಾಗಿ ತೆರೆದುಕೊಳ್ಳುವುದಿಲ್ಲ. ಮಳೆಗಾಲದ ಮಲೆನಾಡಿನ ಸಂಜೆಯಲ್ಲಿ ಎಫ್/4ರ ಭಾರಿ ಲೆನ್ಸ್ ಹೊತ್ತವನಿಗೆ ಹೆಚ್ಚು ಸಿಗುವುದು ನಿಜ, ಏಕೆಂದರೆ ಅವನ ಕಂಡಿಯೇ ದೊಡ್ಡದು.

ಗೋಡೆ ಪೂರ್ತಿ ನೆಲಸಮವಾಗಿಲ್ಲ ಎಂಬುದಕ್ಕೂ ಪುರಾವೆಗಳಿವೆ. ಸೆನ್ಸರ್ ಮೇಲಿನ ಫೋಕಸ್ ಬಿಂದುಗಳೂ ಕಂಡಿಯ ಎರಡು ಬದಿಗಳನ್ನೇ ಹೋಲಿಸುತ್ತವೆ. ಒಂದೇ ಒಂದು ನಿಗದಿತ ಅಂಚಿಗೆ ಕಟ್ಟುಬಿದ್ದಿಲ್ಲವಾದ್ದರಿಂದ ಕಂಡಿ ಕಿರಿದಾದಾಗ ಅವು ಒಮ್ಮೆಗೇ ಕುರುಡಾಗುವುದಿಲ್ಲ, ಮೆಲ್ಲಗೆ ಮಂಕಾಗುತ್ತವೆ. 2020ರ ಎಫ್/11 ಲೆನ್ಸ್‌ಗಳನ್ನು ಆ ವರ್ಷದ ಕ್ಯಾನನ್ ಆರ್5ಗೆ ಹಾಕಿದರೆ ಆಟೋಫೋಕಸ್ ಫ್ರೇಮ್‌ನ ನಡುಭಾಗಕ್ಕೆ ಸೀಮಿತವಾಗುತ್ತಿತ್ತು. ಹಾಗೆಯೇ, ಕಿರಿದಾದ ಕಂಡಿಯೊಂದೇ ಈಗಿನ ದಾರಿ ಎಂದೂ ಅಲ್ಲ. 2025ರ ಫೆಬ್ರವರಿಯ ಒಂದೇ ವಾರದಲ್ಲಿ ಎರಡು ಜೂಮ್‌ಗಳು ಪ್ರಕಟವಾದವು. ಸೋನಿಯ 400-800 ಉದ್ದನೆಯ ತುದಿಯಲ್ಲಿ ಎಫ್/8. ಕಂಡಿ 100 ಮಿ.ಮೀ., ತೂಕ ಎರಡೂವರೆ ಕಿಲೋದೊಳಗೆ. ಸಿಗ್ಮಾದ 300-600 ಪೂರ್ತಿ ಎಫ್/4. ಕಂಡಿ 150 ಮಿ.ಮೀ., ತೂಕ ನಾಲ್ಕು ಕಿಲೋದ ಹತ್ತಿರ. ಅರುವತ್ತು ವರ್ಷಗಳ ಹಿಂದೆ ಎಫ್/9.5ರ 200-600 ತಯಾರಿಸಿದವರಿಗೂ ಈ ಎರಡು ದಾರಿಗಳು ಕಾಗದದ ಮೇಲೆ ತೆರೆದೇ ಇದ್ದವು. ನಡುವೆ, ಆಟೋಫೋಕಸ್ ಎಸ್‌ಎಲ್‌ಆರ್ ಆಳಿದ ಮೂವತ್ತು ವರ್ಷ, ಮೊದಲನೆಯದು ಮುಚ್ಚಿತ್ತು.