ಕಲಬುರಗಿ ಸೀಮೆಯ ಆದಿಮಾನವರ ಆಹಾರ ಮತ್ತು ಶಿಲೋಪಕರಣಗಳು

ಕಲಬುರಗಿ ಹಾಗೂ ಯಾದಗಿರಿ ಜಿಲ್ಲೆಗಳ ಸುಣ್ಣಕಲ್ಲಿನ ಪ್ರದೇಶವು ಭಾರತದಲ್ಲಿ ಆದಿಮಾನವರ ಜೀವನಕ್ರಮವನ್ನು ಅರಿಯಲು ನೆರವಾಗುವ ಪ್ರಮುಖ ಪ್ರದೇಶಗಳಲ್ಲಿ ಒಂದಾಗಿದೆ. ಇಲ್ಲಿನ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ಅಷ್ಯೂಲಿಯನ್ ಹಂತಕ್ಕೆ ಸೇರಿದ ಇನ್ನೂರಕ್ಕೂ ಹೆಚ್ಚು ನೆಲೆಗಳು ಪತ್ತೆಯಾಗಿವೆ. 2009ರಲ್ಲಿ ಯಾದಗಿರಿ ಜಿಲ್ಲೆ ರಚನೆಯಾಗುವವರೆಗೆ ಈ ಕಣಿವೆಗಳು ಗುಲ್ಬರ್ಗಾ ಜಿಲ್ಲೆಯಲ್ಲಿದ್ದುದರಿಂದ ಹಳೆಯ ಬರಹಗಳಲ್ಲಿ ಅವು ಆ ಜಿಲ್ಲೆಯ ಹೆಸರಿನಲ್ಲಿಯೇ ಕಾಣಸಿಗುತ್ತವೆ.

ಭೂರಚನೆ

ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಸುತ್ತಲಿನ ನೆಲದಡಿ ಹಾಸುಹಾಸಾಗಿ ಬಿಡಿಸಿಕೊಳ್ಳುವ ಸುಣ್ಣಕಲ್ಲು ಹರಡಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹವೆಂದು ಕರೆಯುತ್ತಾರೆ. ಅದರ ಒಂದು ಉಪಸಮೂಹಕ್ಕೆ ಸೇಡಂ ಎಂದೂ, ಅದರೊಳಗಿನ ಸುಣ್ಣಕಲ್ಲಿನ ಸ್ತರಕ್ಕೆ ಶಹಾಬಾದ್ ಎಂದೂ ಹೆಸರು. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ, ವಾಡಿ ಮತ್ತು ಸೇಡಂ ಪರಿಸರದ ಸಿಮೆಂಟ್ ಕಾರ್ಖಾನೆಗಳ ಕಚ್ಚಾವಸ್ತುವೂ ಇದೇ. ಚಿಂಚೋಳಿಯ ಕಡೆಗೆ ಸಾಗಿದಂತೆ ದಖನ್ನಿನ ಕಪ್ಪು ಬಸಾಲ್ಟ್ ಮತ್ತು ಜಂಬಿಟ್ಟಿಗೆ ಹೆಚ್ಚುತ್ತವೆ. ಭೀಮಾ ಸಮೂಹದ ಸುಣ್ಣಕಲ್ಲು ದಕ್ಷಿಣದಲ್ಲಿ ಹುಣಸಗಿ ಪರಿಸರದವರೆಗೂ ಚಾಚಿಕೊಂಡಿದ್ದು, ಅಲ್ಲಿ ಸಿಲಿಕಾಂಶ ಸೇರಿ ಗಟ್ಟಿಯಾದ ಪದರಗಳು ಆದಿಮಾನವರಿಗೆ ಉಪಕರಣದ ಕಲ್ಲಾದವು.

ಜಾಗತಿಕ ಹಿನ್ನೆಲೆ

ಕಲ್ಲನ್ನು ಒಡೆದು ಉಪಕರಣ ಮಾಡಿದ ಕುರುಹುಗಳಲ್ಲಿ ಅತ್ಯಂತ ಹಳೆಯವು ಕೀನ್ಯಾದ ಲೊಮೆಕ್ವಿ ಎಂಬಲ್ಲಿ ದೊರೆತಿವೆ. ಅವುಗಳ ಕಾಲ ಸುಮಾರು 33 ಲಕ್ಷ ವರ್ಷಗಳ ಹಿಂದಿನದು. ಇಥಿಯೋಪಿಯಾದ ಗೋನಾ ನೆಲೆಯಲ್ಲಿ ಸುಮಾರು 26 ಲಕ್ಷ ವರ್ಷ ಹಳೆಯ ಹರಿತವಾದ ಚಕ್ಕೆಗಳು ಸಿಕ್ಕಿವೆ. ಇಂತಹ ಚಕ್ಕೆಗಳ ಮಹತ್ವ ಸರಳವಾದುದು. ಮಾನವನ ಹಲ್ಲು ಮತ್ತು ಉಗುರುಗಳಿಂದ ದೊಡ್ಡ ಪ್ರಾಣಿಯ ದಪ್ಪ ಚರ್ಮವನ್ನು ಸೀಳಲಾಗದು. ಚಕ್ಕೆಯಿಂದ ಅದು ಸಾಧ್ಯ. ಎಲುಬನ್ನು ಜಜ್ಜಿದರೆ ಒಳಗಿನ ಮಜ್ಜೆ ದೊರೆಯುತ್ತದೆ. ಅದೇ ಕಲ್ಲು ಗಟ್ಟಿ ಕಾಯಿಗಳನ್ನು ಒಡೆಯಲೂ ಒದಗುತ್ತದೆ.

ಮಿದುಳು ಹೆಚ್ಚು ಶಕ್ತಿಯನ್ನು ಬಳಸುವ ಅಂಗ. ಕರುಳು ಚಿಕ್ಕದಾದುದರಿಂದ ಉಳಿದ ಶಕ್ತಿ ಮಿದುಳಿನ ಬೆಳವಣಿಗೆಗೆ ಸಂದಿತು, ಪೌಷ್ಟಿಕವೂ ಸುಲಭಜೀರ್ಣವೂ ಆದ ಆಹಾರದಿಂದ ಇದು ಸಾಧ್ಯವಾಯಿತು ಎಂದು ಲೆಸ್ಲಿ ಐಯೆಲ್ಲೊ ಮತ್ತು ಪೀಟರ್ ವೀಲರ್ 1995ರಲ್ಲಿ ವಾದಿಸಿದರು. ರಿಚರ್ಡ್ ರ‍್ಯಾಂಗಮ್ ಅವರು ಬೇಯಿಸಿದ ಆಹಾರಕ್ಕೆ ಹೆಚ್ಚಿನ ಮಹತ್ವ ನೀಡುತ್ತಾರೆ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಸುಮಾರು 10 ಲಕ್ಷ ವರ್ಷಗಳ ಹಿಂದಿನ ಬೆಂಕಿಯ ಕುರುಹು ಸಿಕ್ಕಿದೆಯಾದರೂ ನಿತ್ಯವೂ ಅಡುಗೆ ಮಾಡುವ ರೂಢಿ ಅಷ್ಟು ಹಿಂದೆಯೇ ಇತ್ತೆಂಬುದನ್ನು ಅದೊಂದೇ ಸಾಬೀತುಪಡಿಸುವುದಿಲ್ಲ.

ಸುಮಾರು 17.6 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಅಷ್ಯೂಲಿಯನ್ ಪದ್ಧತಿ ಆರಂಭವಾಯಿತು. ಎರಡೂ ಮುಖಗಳಲ್ಲಿ ಚಕ್ಕೆ ತೆಗೆದು ರೂಪಿಸಿದ ಕೈಗೊಡಲಿ ಮತ್ತು ಅಗಲ ಅಲಗಿನ ಸೀಳುಗತ್ತಿ ಇದರ ಗುರುತು. ಭಾರತದಲ್ಲಿ ಈ ಪದ್ಧತಿಯ ಅತಿ ಹಳೆಯ ಕಾಲನಿರ್ಣಯ ತಮಿಳುನಾಡಿನ ಅತ್ತಿರಂಪಾಕ್ಕಂನದು: ಸುಮಾರು 15 ಲಕ್ಷ ವರ್ಷ.

ಇಸಾಂಪುರದ ಕಲ್ಲುಗಣಿ

ಹುಣಸಗಿ ಕಣಿವೆಯ ಇಸಾಂಪುರ ನೆಲೆ ಈ ಪ್ರದೇಶದಲ್ಲಿ ಎಲ್ಲಕ್ಕಿಂತ ಮಹತ್ವದ್ದು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರ ನೇತೃತ್ವದಲ್ಲಿ 1990ರ ದಶಕದ ಕೊನೆಯಲ್ಲಿ ಇಲ್ಲಿ ಉತ್ಖನನ ಆರಂಭವಾಯಿತು. ಉಪಕರಣ ಬಳಸಿ ಎಸೆದ ಜಾಗಗಳು ಅನೇಕ ಕಡೆ ಸಿಗುತ್ತವೆ. ಕಲ್ಲನ್ನು ಆರಿಸಿ, ಎಬ್ಬಿಸಿ, ಒಡೆದು, ರೂಪಿಸಿದ ಸ್ಥಳವೇ ಹೆಚ್ಚು ಕದಡದೆ ಉಳಿದಿರುವುದು ಅಪರೂಪ. ಇಸಾಂಪುರ ಅಂಥದು.

ಇಲ್ಲಿನ ಸುಣ್ಣಕಲ್ಲು ಸಹಜ ಬಿರುಕುಗಳ ಗುಂಟ ಚಪ್ಪಡಿಗಳಾಗಿ ಬಿಡಿಸಿಕೊಳ್ಳುತ್ತದೆ. ಸೂಕ್ತ ದಪ್ಪದ ಚಪ್ಪಡಿ ದೊರೆತರೆ ಅಂಚುಗಳಲ್ಲಿ ಕೆಲವು ಚಕ್ಕೆಗಳನ್ನು ತೆಗೆದೇ ಕೈಗೊಡಲಿ ಮಾಡಬಹುದಿತ್ತು. ದಪ್ಪ ಕಲ್ಲುಗಳಿಂದ ಮೊದಲು ದೊಡ್ಡ ಚಕ್ಕೆಗಳನ್ನು ಎಬ್ಬಿಸಿ ಅವುಗಳಿಂದ ಸೀಳುಗತ್ತಿ ರೂಪಿಸುತ್ತಿದ್ದರು. ಹೊಡೆಯಲು ಬಳಸಿದ ಸುತ್ತಿಗೆ ಕಲ್ಲುಗಳು ಬಸಾಲ್ಟ್, ಕ್ವಾರ್ಟ್‌ಜೈಟ್ ಮತ್ತು ಚರ್ಟ್‌ನವು. ಯಾವ ಕೆಲಸಕ್ಕೆ ಯಾವ ಕಲ್ಲು ತಕ್ಕದ್ದೆಂಬ ತಿಳಿವಳಿಕೆಯನ್ನು ಈ ಆಯ್ಕೆ ತೋರಿಸುತ್ತದೆ. ತಿರುಳುಕಲ್ಲು, ಅರ್ಧಕ್ಕೆ ಬಿಟ್ಟ ಉಪಕರಣ, ಸುತ್ತಿಗೆ ಮತ್ತು ಚೂರುಗಳು ಗುಂಪುಗುಂಪಾಗಿ ಸಿಕ್ಕಿರುವುದರಿಂದ ಕೆಲಸಗಾರರು ಕುಳಿತಿದ್ದ ಜಾಗಗಳನ್ನು ಸಹ ಊಹಿಸಬಹುದಾಗಿದೆ.

ಇಲ್ಲಿ ದೊರೆತ ಕಾಡುದನದ ಜಾತಿಯ ಪ್ರಾಣಿಗಳ ಹಲ್ಲಿನ ಎನಾಮಲ್ ಅನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನ ವಿಧಾನದಿಂದ ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷಗಳ ಕಾಲ ಸೂಚಿತವಾಯಿತು. ಹಲ್ಲು ಮಣ್ಣಿನಿಂದ ಯುರೇನಿಯಂ ಹೀರಿಕೊಂಡ ಬಗೆಯನ್ನು ಹೇಗೆ ಊಹಿಸಲಾಗುತ್ತದೆ ಎಂಬುದರ ಮೇಲೆ ಈ ಲೆಕ್ಕ ನಿಂತಿದೆ. ಆದ್ದರಿಂದ ಕೆಲವು ವಿದ್ವಾಂಸರು ಇದನ್ನು ಎಚ್ಚರಿಕೆಯಿಂದ ಸ್ವೀಕರಿಸುತ್ತಾರೆ. ಇದೇ ಕಣಿವೆಗಳ ಇತರ ಕೆಲವು ನೆಲೆಗಳಿಗೆ ಯುರೇನಿಯಂ ಸರಣಿಯ ವಿಧಾನದಿಂದ ಬಂದಿರುವ ಕಾಲ ಇದಕ್ಕಿಂತ ಬಹಳ ಈಚಿನದು.

ಆಹಾರ

ಆದಿಮಾನವರು ಬೇಟೆಗಾರರೆಂಬ ಚಿತ್ರ ಪಠ್ಯಪುಸ್ತಕಗಳಲ್ಲಿ ಬೇರೂರಿದೆ. ಎಲುಬು ಉಳಿಯುತ್ತದೆ; ಸೊಪ್ಪು, ಹಣ್ಣು, ಗೆಡ್ಡೆಗಳು ಉಳಿಯುವುದಿಲ್ಲ. ಈ ಅಸಮತೋಲನವೇ ಆ ಚಿತ್ರಕ್ಕೆ ಬಹುಮಟ್ಟಿಗೆ ಕಾರಣ. ಹುಣಸಗಿ ಪ್ರದೇಶದಲ್ಲಿಯೂ ಆಹಾರದ ನೇರ ಸಾಕ್ಷ್ಯ ಕಡಿಮೆ, ದೊರೆತಿರುವುದೂ ಪ್ರಾಣಿಗಳ ಅವಶೇಷಗಳೇ. ಕಲ್ಲಿನ ಪಕ್ಕ ಹಲ್ಲು ಸಿಕ್ಕಿತೆಂದ ಮಾತ್ರಕ್ಕೆ ಆ ಪ್ರಾಣಿಯನ್ನು ಮಾನವರೇ ಕೊಂದರೆನ್ನಲಾಗದು. ಸತ್ತ ಪ್ರಾಣಿಯ ಮಾಂಸವನ್ನು ಬಳಸಿರಲೂಬಹುದು.

ಈ ಕೊರತೆಯನ್ನು ತುಂಬಲು ಪದ್ದಯ್ಯ ಅವರು ಬೇರೊಂದು ದಾರಿ ಹಿಡಿದರು. ಕಣಿವೆಯ ಇಂದಿನ ಜನ ಬಲ್ಲ ಕಾಡುಹಣ್ಣು, ಸೊಪ್ಪು, ಬೀಜ, ಮೀನು, ಸಣ್ಣ ಪ್ರಾಣಿಗಳನ್ನು ಋತುವಿಗನುಸಾರ ದಾಖಲಿಸಿ, ನೀರಿನ ಲಭ್ಯತೆಯೊಡನೆ ಹೊಂದಿಸಿ ನೋಡಿದರು. ಮಳೆಗಾಲದಲ್ಲಿ ಎಲ್ಲೆಡೆ ನೀರೂ ಸಸ್ಯಾಹಾರವೂ ದೊರೆಯುತ್ತಿದ್ದುದರಿಂದ ಚಿಕ್ಕ ಗುಂಪುಗಳು ಚದುರಿರುತ್ತಿದ್ದವು, ಬೇಸಿಗೆಯಲ್ಲಿ ಬತ್ತದ ಒರತೆಗಳ ಬಳಿ ಒಟ್ಟುಗೂಡಿ ದೊಡ್ಡ ಪ್ರಾಣಿಗಳ ಬೇಟೆಯನ್ನು ಹೆಚ್ಚು ಅವಲಂಬಿಸುತ್ತಿದ್ದವು ಎಂಬುದು ಅವರ ಪ್ರತಿಪಾದನೆ. ಇಂದಿನ ಸಸ್ಯಸಂಪತ್ತನ್ನು ಲಕ್ಷಾಂತರ ವರ್ಷ ಹಿಂದಕ್ಕೆ ಅನ್ವಯಿಸುವುದರಲ್ಲಿ ಮಿತಿಯಿದೆ. ಆದರೂ ಮುಂಗಾರಿನ ಏರಿಳಿತವನ್ನು ಆಧರಿಸಿದ ಈ ವಿವರಣೆ, ಆಫ್ರಿಕಾದ ಮಾದರಿಗಳನ್ನು ಹಾಗೆಯೇ ಒಪ್ಪುವುದಕ್ಕಿಂತ ಈ ನೆಲಕ್ಕೆ ಹತ್ತಿರವಾಗಿದೆ.

ನಂತರದ ಬದಲಾವಣೆಗಳು

ಮಧ್ಯ ಹಳೆ ಶಿಲಾಯುಗದಲ್ಲಿ ಭಾರವಾದ ಕೈಗೊಡಲಿಗಳು ಹಿಂದೆ ಸರಿದು ಚಿಕ್ಕ ಚಕ್ಕೆ ಉಪಕರಣಗಳು ಬಂದವು. ಬಳಿಕ ನೀಳಚಕ್ಕೆಗಳು ಮತ್ತು ಸೂಕ್ಷ್ಮ ಶಿಲೋಪಕರಣಗಳು. ನವಶಿಲಾಯುಗಕ್ಕೆ ಬಂದಾಗ ಆಹಾರದ ಆಧಾರವೇ ಬದಲಾಗಿತ್ತು. ಸುರಪುರ ಸೀಮೆಯ ಬೂದಿಹಾಳದ ಬೂದಿದಿಬ್ಬದ ನೆಲೆಯಲ್ಲಿ ದನಗಳನ್ನು ಕೂಡುತ್ತಿದ್ದ ದೊಡ್ಡಿ ಮತ್ತು ಮಾಂಸ ಕಡಿಯುತ್ತಿದ್ದ ಜಾಗ ಬೆಳಕಿಗೆ ಬಂದಿವೆ. ದಕ್ಷಿಣದ ನವಶಿಲಾಯುಗದ ಜನ ಹುರುಳಿ, ಹೆಸರು, ಕೊರಲೆ ಮುಂತಾದ ಧಾನ್ಯಗಳನ್ನು ಬೆಳೆಯುತ್ತಿದ್ದರು.

ಸಂರಕ್ಷಣೆ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ ಸೀಮೆಯಲ್ಲಿ ಬೇಸಾಯದ ಸ್ವರೂಪ ಬದಲಾಯಿತು. ನೆಲ ಸಮತಟ್ಟು ಮಾಡುವುದು, ಮಣ್ಣು ತೆಗೆಯುವುದು ಮತ್ತು ಕಲ್ಲುಗಣಿಗಾರಿಕೆ ಶಿಲಾಯುಗದ ನೆಲೆಗಳಿಗೆ ಅಪಾಯ ತರುತ್ತವೆ. ಹೊಲದ ಬದುವಿಗೆ ಎಸೆದ ಕೈಗೊಡಲಿ ವಸ್ತುವಾಗಿ ಉಳಿಯುತ್ತದೆ. ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಯಾವ ಚೂರು, ಯಾವ ಎಲುಬು ಇತ್ತು ಎಂಬ ವಿವರ ಮಾತ್ರ ಅಳಿದುಹೋಗುತ್ತದೆ. ಆಹಾರದ ಬಗೆಗಿನ ಯಾವುದೇ ತೀರ್ಮಾನಕ್ಕೆ ಬೇಕಾಗುವುದು ಆ ವಿವರವೇ.