ಲೆಕ್ಕ ಕೇಳದ ಪೋಷಕತ್ವ

ಇನ್ನೊಬ್ಬ ವಯಸ್ಕರ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆಗೆ ನಮ್ಮ ಕಾನೂನಿನ ಉತ್ತರ ನೂರು ವರ್ಷಗಳಲ್ಲಿ ತಲೆಕೆಳಗಾಗಿದೆ. 1912ರ ಉನ್ಮಾದ ಕಾಯ್ದೆಯಲ್ಲೂ ಅದರ ಜಾಗಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ, ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಜಿಲ್ಲಾ ನ್ಯಾಯಾಲಯ ತೀರ್ಮಾನಿಸಿದರೆ ವ್ಯಕ್ತಿಗೊಬ್ಬ ಪೋಷಕ, ಆಸ್ತಿಗೊಬ್ಬ ವ್ಯವಸ್ಥಾಪಕ ಬರುತ್ತಿದ್ದರು. ಆ ವ್ಯಕ್ತಿಯ ಮಾತಿಗೆ ಅಲ್ಲಿಗೆ ಬೆಲೆ ಹೋಯಿತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯ ಇರುವವರ ಪೋಷಕರನ್ನು ನೇಮಿಸುವ ಕೆಲಸವನ್ನು ಜಿಲ್ಲಾಧಿಕಾರಿಯೂ ಇರುವ ಸ್ಥಳೀಯ ಸಮಿತಿಗೆ ಕೊಟ್ಟಿತು. 2007ರಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿದ ಮೇಲೆ ದಿಕ್ಕೇ ಬದಲಾಯಿತು. ಪೋಷಕರು ತಾವೊಬ್ಬರೇ ಅಲ್ಲ, ಆ ವ್ಯಕ್ತಿಯ ಜೊತೆಗೂಡಿ ತೀರ್ಮಾನಿಸಬೇಕು ಎಂದಿತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಳೆಯ ಪೋಷಕತ್ವವನ್ನೇ ಕೈಬಿಟ್ಟು, ಚಿಕಿತ್ಸೆಯ ಮಟ್ಟಿಗೆ ನಾಮನಿರ್ದೇಶಿತ ಪ್ರತಿನಿಧಿಯನ್ನಷ್ಟೇ ಉಳಿಸಿತು.

ಈ ಬದಲಾವಣೆ ಬೇಕಿತ್ತು. ಆದರೆ ಹಳೆಯದರ ಜೊತೆ ಒಂದು ಒಳ್ಳೆಯ ನಿಯಮವೂ ಹೋಯಿತು: 1987ರ ಕಾಯ್ದೆಯಡಿ ವ್ಯವಸ್ಥಾಪಕರು ವರ್ಷಾವರ್ಷ ಲೆಕ್ಕ ಒಪ್ಪಿಸಬೇಕಿತ್ತು. ನ್ಯಾಸ ಕಾಯ್ದೆಯಲ್ಲಿ ಅದು ಈಗಲೂ ಇದೆ. ಆರು ತಿಂಗಳೊಳಗೆ ಆಸ್ತಿಪಟ್ಟಿ, ಪ್ರತಿವರ್ಷ ಜಮಾ ಖರ್ಚು, ದುರುಪಯೋಗ ಕಂಡರೆ ಪೋಷಕರ ಪದಚ್ಯುತಿ. ಮುಪ್ಪಿನ ಮರೆವಿನ ಕಾಯಿಲೆ ಮಾತ್ರ ಆ ಕಾಯ್ದೆಯ ಪಟ್ಟಿಯಲ್ಲಿಲ್ಲ. ಕೋಮಾದಲ್ಲಿರುವವರಿಗೆ ಯಾವ ಕಾಯ್ದೆಯಲ್ಲೂ ದಾರಿ ಕಾಣದೆ ಕೇರಳ ಹೈಕೋರ್ಟ್ 2019ರಲ್ಲಿ ತಾನೇ ಮಾರ್ಗಸೂಚಿ ರೂಪಿಸಬೇಕಾಯಿತು. ಅಂಥ ಆದೇಶ ಕೋರಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಲು ಶಿವಮೊಗ್ಗದವರು ಬೆಂಗಳೂರಿಗೇ ಹೋಗಬೇಕು.

ಹೀಗಾಗಿ ಮನೆಗಳು ಹಿಡಿಯುವುದು ಕೋರ್ಟು ಕಾಣದ ದಾರಿಯನ್ನು: ಜಿಪಿಎ ಎಂಬ ಅಧಿಕಾರಪತ್ರ, ಜಂಟಿ ಖಾತೆ, ಮಗನ ಜೇಬಿನಲ್ಲಿರುವ ಅಪ್ಪನ ಎಟಿಎಂ ಕಾರ್ಡು. ದುರುಪಯೋಗಕ್ಕೆ ಅವಕಾಶ ಹೆಚ್ಚಿರುವುದೂ ಇಲ್ಲೇ. ಭದ್ರಾವತಿಯಂಥ ಊರನ್ನು ನೋಡಿ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದ ಕಾರ್ಖಾನೆ ಎರಡೂ ಇಲ್ಲಿ ನಿವೃತ್ತರ ತಲೆಮಾರುಗಳನ್ನೇ ಬಿಟ್ಟಿವೆ. ಪಿಎಫ್ ಹಣ, ಒಂದು ಸೈಟು, ಸಣ್ಣ ಪಿಂಚಣಿಯೇ ಅಂಥವರ ಆಸ್ತಿ. ಜಿಪಿಎಗೆ ಸಹಿ ಬೀಳುವಾಗ ಅಪ್ಪನ ನೆನಪು ನೆಟ್ಟಗಿರುತ್ತದೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಆ ಅಧಿಕಾರ ಅಲ್ಲಿಗೆ ಮುಗಿಯಿತು. ಬ್ಯಾಂಕಿಗೋ ಸಬ್ ರಿಜಿಸ್ಟ್ರಾರ್ ಕಚೇರಿಗೋ ಅದನ್ನು ಹೇಳುವವರು ಯಾರು? ಕಾನೂನಿನಲ್ಲಿ ಸತ್ತ ಪತ್ರ ಕೌಂಟರಿನಲ್ಲಿ ಬದುಕಿರುತ್ತದೆ.

ಹಿರಿಯ ನಾಗರಿಕರಿಗೆ 2007ರ ಕಾಯ್ದೆ ಇದೆಯಲ್ಲ ಎನ್ನಬಹುದು. ಇದೆ; ಭದ್ರಾವತಿಯವರೂ ಶಿವಮೊಗ್ಗದ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ದೂರು ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು 23ನೇ ಸೆಕ್ಷನ್ ಅಡಿ ರದ್ದು ಮಾಡಿಸಬಹುದು. ಆ ಷರತ್ತು ಇತ್ತೆಂದು ಸಾಬೀತಾಗಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಓದಬೇಕೆಂದಿತು. ಆದರೂ ಇದು ದಾನ ಕೊಟ್ಟದ್ದನ್ನು ನೆನಪಿಟ್ಟುಕೊಂಡು ದೂರು ಕೊಡಬಲ್ಲವರ ಕಾಯ್ದೆ. ತಿಂಗಳು ತಿಂಗಳು ಸೋರಿಹೋದ ಪಿಂಚಣಿ ದಾನಪತ್ರವಲ್ಲ. ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಲು 5ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ, ಆದರೆ ಅದು ಜೀವನಾಂಶದ ಮಟ್ಟಿಗೆ.

ಹೆತ್ತವರನ್ನು ಪ್ರೀತಿಯಿಂದ ನೋಡಿಕೊಳ್ಳುವವರಿಗೆ ಲೆಕ್ಕ ಬರೆಯುವ ಕಾಟ ಏಕೆ ಎಂಬ ಆಕ್ಷೇಪ ಸಹಜ. ಮಲ ಮೂತ್ರ ಬಳಿದು ಸೇವೆ ಮಾಡಿದ ಮಗಳ ಮೇಲೇ ದೂರದಲ್ಲಿರುವ ಅಣ್ಣ ಆರೋಪ ಹೊರಿಸಿದರೆ, ಅವಳನ್ನು ಕಾಯುವುದು ಆ ಲೆಕ್ಕವೇ. ಪೋಷಕತ್ವವೇ ಬೇಡ, ಅದು ಹಕ್ಕಿನ ಹರಣ ಎಂಬುದು ಇನ್ನೊಂದು ವಾದ. ಆದರೆ ಕಾನೂನು ಹಿಂದೆ ಸರಿದ ಜಾಗ ಖಾಲಿ ಉಳಿಯುವುದಿಲ್ಲ, ಮನೆಯ ಬಲಾಢ್ಯರು ಅದನ್ನು ತುಂಬುತ್ತಾರೆ. ನ್ಯಾಸ ಕಾಯ್ದೆಯ ಆಸ್ತಿಪಟ್ಟಿ ಮತ್ತು ವಾರ್ಷಿಕ ಲೆಕ್ಕದ ನಿಯಮವನ್ನು ಹಿರಿಯರ ಪರವಾಗಿ ಹಣ ಮುಟ್ಟುವ ಎಲ್ಲರಿಗೂ ವಿಸ್ತರಿಸಿ, ಅದರ ಪರಿಶೀಲನೆಯನ್ನು ಜಿಲ್ಲೆಯಲ್ಲೇ ಇಡುವುದು ಮುಂದಿನ ತಿದ್ದುಪಡಿಯ ಮೊದಲ ಕೆಲಸವಾಗಬೇಕು.